ಸವರ್ಣ ಮಾಡಿ ಕೂಡುವುದು

ಪರೀಕ್ಷೆಯ ದಿನಗಳು ಹತ್ತಿರ ಬಂದವೆಂದರೆ ನಮ್ಮ ಊರುಗಳ ಮನೆಗಳಲ್ಲಿ ರೇಡಿಯೋದ ದನಿ ತಾನಾಗಿಯೇ ತಗ್ಗುತ್ತದೆ. ಪಕ್ಕದ ಕೋಣೆಯಲ್ಲಿ ಮಗನೋ ಮಗಳೋ ಬೀಜಗಣಿತದ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿರುವಾಗ, ಹಿರಿಯರು ವಾರ್ತೆಯನ್ನು ಸಹ ಮೆಲ್ಲಗೆ ಕೇಳುತ್ತಾರೆ. ಆದರೆ ದನಿ ತಗ್ಗಿಸುವುದಕ್ಕಿಂತ ಹೆಚ್ಚಿನ ನೆರವು ನೀಡಲು ಬಹುಮಂದಿ ತಾಯಿತಂದೆಗಳು ಹಿಂಜರಿಯುತ್ತಾರೆ. "ಈಗಿನ ಲೆಕ್ಕವೇ ಬೇರೆ, ನಮಗೆ ತಿಳಿಯದು" ಎಂದುಬಿಡುತ್ತಾರೆ. ಈ ಮಾತು ಅಷ್ಟೊಂದು ನಿಜವಲ್ಲ. ಮಕ್ಕಳನ್ನು ಬಹಳವಾಗಿ ಕಾಡುವ ಒಂದು ಲೆಕ್ಕವನ್ನೇ ತೆಗೆದುಕೊಂಡು ಇದನ್ನು ತೋರಿಸಬೇಕೆಂದಿದ್ದೇನೆ. ಅದು, ಛೇದಗಳು ಬೇರೆ ಬೇರೆಯಾಗಿರುವ ಬೀಜಗಣಿತದ ಭಿನ್ನರಾಶಿಗಳನ್ನು ಕೂಡುವ ಲೆಕ್ಕ.

ಕನ್ನಡ ಪಂಡಿತನಿಗೆ ಬೀಜಗಣಿತದ ಗೊಡವೆ ಏಕೆ ಎಂದು ಓದುಗರು ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಕೆಲವು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರ ಸ್ಥಾನ ಕೆಲವು ತಿಂಗಳು ತೆರವಾಗಿತ್ತು. ವ್ಯಾಕರಣ ಕಲಿಸುವವನಿಗೆ ಸೂತ್ರಗಳ ಅಭ್ಯಾಸವಿರುತ್ತದೆಂದು ಒಂಬತ್ತನೆಯ ತರಗತಿಯ ಗಣಿತವನ್ನು ನನ್ನ ಕೊರಳಿಗೆ ಕಟ್ಟಿದರು. ಒಂದು ಕಿರುಪರೀಕ್ಷೆಯಲ್ಲಿ ನಾನು ಕೊಟ್ಟ ಪ್ರಶ್ನೆ ಇದು:

1/ಯ + 1/(ಯ + 4) ಎಷ್ಟು?

(ಶಾಲೆಯ ಪುಸ್ತಕದಲ್ಲಿ ಅವ್ಯಕ್ತ ರಾಶಿಗೆ ಇಂಗ್ಲಿಷ್ ಅಕ್ಷರವಿರುತ್ತದೆ. ನಾನು ಇಲ್ಲಿ 'ಯ' ಎಂದು ಬರೆಯುತ್ತೇನೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ 'ಬೀಜಗಣಿತ'ದಲ್ಲಿ ಮೊದಲನೆಯ ಅವ್ಯಕ್ತಕ್ಕೆ 'ಯಾವತ್ತಾವತ್' ಎಂದೂ, ಮುಂದಿನವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನೂ ಇಟ್ಟು, ಅವುಗಳ ಮೊದಲ ಅಕ್ಷರಗಳಿಂದ ಲೆಕ್ಕ ಬರೆದಿದ್ದಾನೆ. ಆದುದರಿಂದ ಇದು ನಮ್ಮ ಹಿರಿಯರ ಪದ್ಧತಿಯೇ.)

ಒಬ್ಬ ಹುಡುಗಿ ಉತ್ತರವನ್ನು 2/(2ಯ + 4) ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ. ಅವಳು ಕಾಗದವನ್ನು ಹಿಡಿದುಕೊಂಡು ಬಂದು, "ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದ್ದೇನೆ. ತಪ್ಪೇನು, ಸಾರ್?" ಎಂದು ಕೇಳಿದಳು. "ನಿಯಮ ಹಾಗಿಲ್ಲ" ಎಂದೆ. ಅವಳು ಸುಮ್ಮನೆ ಹೋದಳು. ಮುಂದಿನ ವಾರ ಅವಳ ತಂದೆ ದಾರಿಯಲ್ಲಿ ಸಿಕ್ಕಿ, "ಇವಳ ತಲೆಗೆ ಲೆಕ್ಕ ಹತ್ತುವುದಿಲ್ಲವಂತೆ. ಈ ವರ್ಷಕ್ಕೆ ಓದು ಸಾಕು ಮಾಡಿಬಿಡೋಣ ಎಂದಿದ್ದೇವೆ" ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಏಕೆಂದರೆ, ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ನನಗೂ ತಿಳಿದಿರಲಿಲ್ಲ. ನಿಯಮ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಈ ವಿಷಯ ಹೇಳಿಕೊಂಡಾಗ ನನ್ನ ತಂದೆಯವರು ನಕ್ಕರು. ಅವರು ಹರಯದಲ್ಲಿ ಕೊಬ್ಬರಿ ವ್ಯಾಪಾರದ ಲೆಕ್ಕ ಬರೆದವರು. ನಮ್ಮ ಅರಸೀಕೆರೆ ತೆಂಗಿನ ಸೀಮೆಯಷ್ಟೆ. "ಕಾಲು, ಅರೆಕಾಲು, ವೀಸ, ಇವು ಮೂರನ್ನೂ ಕೂಡು, ನೋಡೋಣ" ಎಂದರು. ನಾನು ಕಾಗದ ಹುಡುಕುವಷ್ಟರಲ್ಲಿ ಅವರೇ "ಏಳು ವೀಸ" ಎಂದುಬಿಟ್ಟರು. ವೀಸವೆಂದರೆ ಹದಿನಾರರಲ್ಲಿ ಒಂದು ಭಾಗ. ಕಾಲು ಎಂದರೆ ನಾಲ್ಕು ವೀಸ. ಅರೆಕಾಲು ಎಂದರೆ ಎರಡು ವೀಸ. ಅದರ ಮೇಲೆ ಒಂದು ವೀಸ. ಒಟ್ಟು ಏಳು. 1957ರಲ್ಲಿ ದಶಮಾಂಶದ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರು ಆಣೆಯಿದ್ದಾಗ ಸಂತೆಗೆ ಹೋಗುತ್ತಿದ್ದ ಪ್ರತಿಯೊಬ್ಬರೂ ಈ ಲೆಕ್ಕವನ್ನು ದಿನವೂ ಮಾಡುತ್ತಿದ್ದರು. ಕಾಲು ರೂಪಾಯಿ, ಅರೆಕಾಲು ರೂಪಾಯಿ, ಒಂದಾಣೆ ಸೇರಿದರೆ ಏಳಾಣೆ. ಇದನ್ನೇ ಪುಸ್ತಕದ ಬರವಣಿಗೆಯಲ್ಲಿ 1/4 + 1/8 + 1/16 = 4/16 + 2/16 + 1/16 = 7/16 ಎಂದು ಬರೆಯುತ್ತೇವೆ. ಛೇದಗಳನ್ನು ಸಮ ಮಾಡುವುದೆಂದರೆ ಇಷ್ಟೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಎಣಿಕೆ, ಕೆಳಗಿರುವುದು ಹೆಸರು. 'ಮೂರು ಆಣೆ' ಎನ್ನುವಾಗ ಮೂರು ಎಂಬುದು ಎಷ್ಟು ಎಂಬುದನ್ನು ಹೇಳುತ್ತದೆ, ಆಣೆ ಎಂಬುದು ಯಾವುದು ಎಂಬುದನ್ನು ಹೇಳುತ್ತದೆ. ಹಾಗೆಯೇ 3/16 ಎಂಬಲ್ಲಿ ಮೂರು ಎಣಿಕೆ, 'ಹದಿನಾರನೆಯ ಭಾಗ' ಎಂಬುದು ಅದರ ಹೆಸರು. ಎರಡಾಣೆಗೆ ಮೂರಾಣೆ ಸೇರಿದರೆ ಐದಾಣೆಯಾಗುತ್ತದೆ. ಆಣೆಗೆ ಆಣೆ ಕೂಡಿಕೊಂಡು ಹೆಸರೇ ಬದಲಾಗುವುದಿಲ್ಲ. ಆದುದರಿಂದ ಛೇದವನ್ನು ಛೇದಕ್ಕೆ ಕೂಡುವ ಪ್ರಶ್ನೆಯೇ ಬರುವುದಿಲ್ಲ. ಎರಡು ಭಿನ್ನರಾಶಿಗಳ ಹೆಸರು ಬೇರೆಯಾಗಿದ್ದರೆ, ಬೆಲೆ ಕೆಡದಂತೆ ಮೊದಲು ಎರಡಕ್ಕೂ ಒಂದೇ ಹೆಸರು ಕೊಡಬೇಕು. ಆಮೇಲೆ ಎಣಿಕೆಗಳನ್ನು ಕೂಡಬೇಕು.

ಬೆಲೆ ಕೆಡದಂತೆ ಹೆಸರನ್ನು ಬದಲಾಯಿಸುವುದು ಹೇಗೆ? ಮೇಲೆ ಕೆಳಗೆ ಎರಡನ್ನೂ ಒಂದೇ ರಾಶಿಯಿಂದ ಗುಣಿಸಬೇಕು. ತೆಂಗಿನಕಾಯಿಯ ಒಂದು ಅರ್ಧವನ್ನು ಮೂರು ಸಮಭಾಗ ಮಾಡಿದರೆ ಆರರಲ್ಲಿ ಮೂರು ಭಾಗಗಳಾದವು. ಕಾಯಿ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಹಾಗೆಯೇ ಮೂರನೆಯ ಒಂದು ಭಾಗವನ್ನು ಎರಡು ಮಾಡಿದರೆ ಆರರಲ್ಲಿ ಎರಡು. ಆದುದರಿಂದ 1/2 + 1/3 = 3/6 + 2/6 = 5/6. ಆ ಹುಡುಗಿಯ ದಾರಿಯಲ್ಲಿ ಹೋದರೆ 2/5 ಎಂದು ಬರುತ್ತದೆ. 2/5 ಎಂಬುದು ಅರ್ಧಕ್ಕಿಂತ ಕಡಿಮೆ. ಅರ್ಧ ಕಾಯಿಗೆ ಇನ್ನಷ್ಟು ಕಾಯಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೆ? ನಿಯಮವನ್ನು ಕಾಣದ ಮಗುವೂ ಈ ಅಸಂಗತವನ್ನು ಕಾಣಬಲ್ಲದು.

ಇದಕ್ಕೆ ನಮ್ಮ ನಾಡಿನ ಗಣಿತಜ್ಞರು ಇಟ್ಟ ಹೆಸರನ್ನು ಕೇಳಿದರೆ ಪಂಡಿತನ ಕಿವಿ ನಿಮಿರುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನಿದ್ದನು. ಅವನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'. ಅದರಲ್ಲಿ ಭಿನ್ನರಾಶಿಗಳ ಪ್ರಕರಣಕ್ಕೆ 'ಕಲಾಸವರ್ಣ' ಎಂದು ಹೆಸರು. ಕಲೆ ಎಂದರೆ ಭಾಗ. ಚಂದ್ರನ ಹದಿನಾರು ಕಲೆಗಳನ್ನು ಎಲ್ಲರೂ ಬಲ್ಲರು. ಸವರ್ಣವೆಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ಭಾಗಗಳನ್ನು ಒಂದೇ ಬಣ್ಣಕ್ಕೆ ತರುವುದೇ ಕಲಾಸವರ್ಣ. ವ್ಯಾಕರಣದಲ್ಲಿಯೂ ಇದೇ ಮಾತಿದೆ. 'ವಿದ್ಯಾ' ಎಂಬುದಕ್ಕೆ 'ಅಭ್ಯಾಸ' ಸೇರಿದರೆ 'ವಿದ್ಯಾಭ್ಯಾಸ'ವಾಗುತ್ತದೆ. ಸವರ್ಣವಾದ ಸ್ವರಗಳು ಒಂದರಲ್ಲೊಂದು ಸೇರಿ ದೀರ್ಘವಾಗುತ್ತವೆ. ಸವರ್ಣದೀರ್ಘ ಸಂಧಿಯನ್ನು ಇಪ್ಪತ್ತೈದು ವರ್ಷ ಕಲಿಸಿದ ನಾನು, ಸವರ್ಣವಾದ ಭಿನ್ನರಾಶಿಗಳು ಮಾತ್ರ ಸೇರುತ್ತವೆಂಬುದನ್ನು ಐವತ್ತರ ಹೊಸ್ತಿಲಿನಲ್ಲಿ ಕಲಿತೆ.

ಮಹಾವೀರನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಛೇದಗಳನ್ನು ಸಮ ಮಾಡಲು ಒಂದನ್ನು ಇನ್ನೊಂದರಿಂದ ಗುಣಿಸಿಬಿಡುವುದು ಸುಲಭದ ದಾರಿ. 1/6 ಮತ್ತು 1/4 ಇದ್ದರೆ ಛೇದ 24; 4/24 + 6/24 = 10/24. ಉತ್ತರವೇನೋ ಸರಿಯೇ, ಆದರೆ ಅದನ್ನು ಮತ್ತೆ ಸಂಕ್ಷೇಪಿಸಿ 5/12 ಮಾಡಬೇಕು. ಆರಕ್ಕೂ ನಾಲ್ಕಕ್ಕೂ ಎರಡು ಎಂಬ ಅಪವರ್ತನ ಸಮಾನವಾಗಿದೆ. ಅದನ್ನು ಒಮ್ಮೆ ಮಾತ್ರ ತೆಗೆದುಕೊಂಡು, ಅದರಿಂದ ಭಾಗಿಸಿ ಬಂದ ಮೂರು, ಎರಡು ಎಂಬ ಲಬ್ಧಗಳಿಂದ ಗುಣಿಸಿದರೆ 2 × 3 × 2 = 12. ಹೀಗೆ ಸಮಾನ ಅಪವರ್ತನಗಳನ್ನೂ ಲಬ್ಧಗಳನ್ನೂ ಗುಣಿಸಿ ಬಂದ ರಾಶಿಗೆ ಮಹಾವೀರನು 'ನಿರುದ್ಧ' ಎಂದು ಹೆಸರಿಟ್ಟನು. ಇಂದಿನ ಶಾಲೆಗಳಲ್ಲಿ ಲ.ಸಾ.ಅ. ಎಂದು ಕರೆಯುವುದು ಇದನ್ನೇ. ಭಾರತೀಯ ಗ್ರಂಥಗಳಲ್ಲಿ ಭಿನ್ನರಾಶಿಗಳಿಗೆ ಈ ಉಪಾಯವನ್ನು ಮೊದಲು ಹೇಳಿದವನು ಇವನೇ ಎಂದು ಗಣಿತೇತಿಹಾಸಕಾರರು ಎಣಿಸುತ್ತಾರೆ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಇದು ಲೋಕಕ್ಕೆ ತಿಳಿಯಿತು.

ಗಣಿತವನ್ನು ಕನ್ನಡದಲ್ಲಿಯೇ ಹೇಳಿದವರೂ ಉಂಟು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ಬರೆದನು. ಇವನು ಹೊಯ್ಸಳ ವಿಷ್ಣುವರ್ಧನನ ಆಸ್ಥಾನದಲ್ಲಿದ್ದವನೆಂದು ಕವಿಚರಿತೆಕಾರರಾದ ಆರ್. ನರಸಿಂಹಾಚಾರ್ಯರ ಅಭಿಪ್ರಾಯ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠೆ ಮಾಡಿದ ದೊರೆ ಈ ವಿಷ್ಣುವರ್ಧನನೇ. ಲೆಕ್ಕ ನಮ್ಮ ಸೀಮೆಗೂ ನಮ್ಮ ನುಡಿಗೂ ಹೊರಗಿನಿಂದ ಬಂದ ಅತಿಥಿಯಲ್ಲವೆಂದು ತಿಳಿಯಲು ಇಷ್ಟು ಸಾಕು.

ಈಗ ಹುಡುಗಿಯ ಲೆಕ್ಕಕ್ಕೆ ಬರೋಣ. ಅಂಕಿಗಳಿದ್ದೆಡೆ ಅಕ್ಷರ ಬಂದುದರಿಂದ ನ್ಯಾಯ ಬದಲಾಗುವುದಿಲ್ಲ. 1/ಯ ಎಂಬುದರ ಹೆಸರು ಯ. 1/(ಯ + 4) ಎಂಬುದರ ಹೆಸರು ಯ + 4. ಇವೆರಡಕ್ಕೂ ಸಮಾನ ಅಪವರ್ತನವಿಲ್ಲ. ಆದುದರಿಂದ ಸವರ್ಣ ಮಾಡುವ ಛೇದ ಯ(ಯ + 4). ಮೊದಲನೆಯದನ್ನು ಮೇಲೆ ಕೆಳಗೆ (ಯ + 4)ರಿಂದ, ಎರಡನೆಯದನ್ನು ಮೇಲೆ ಕೆಳಗೆ ಯ ದಿಂದ ಗುಣಿಸಿದರೆ,

(ಯ + 4)/ಯ(ಯ + 4) + ಯ/ಯ(ಯ + 4) = (2ಯ + 4)/ಯ(ಯ + 4).

ಅಂಶದಲ್ಲಿ ಎರಡನ್ನು ಹೊರತೆಗೆದರೆ 2(ಯ + 2)/ಯ(ಯ + 4) ಎಂದಾಯಿತು. ಹುಡುಗಿ ಛೇದದಲ್ಲಿ ಬರೆದಿದ್ದ 2ಯ + 4 ಎಂಬುದು ಸರಿಯುತ್ತರದಲ್ಲಿಯೂ ಇದೆ, ಆದರೆ ಗೆರೆಯ ಮೇಲೆ ಇದೆ! ಅವಳು ಸೊನ್ನೆಗೆ ಅರ್ಹಳಾಗಿದ್ದಳೆಂದು ನನಗೆ ಈಗ ಅನ್ನಿಸುವುದಿಲ್ಲ.

ಈ ಲೆಕ್ಕಕ್ಕೆ ದಾರಿಯ ಉಡುಪು ತೊಡಿಸಿದರೆ ಮಕ್ಕಳಿಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರು. ಒಬ್ಬ ಹುಡುಗ ಬೈಸಿಕಲ್ ಏರಿ ಹೊರಟನೆನ್ನಿ. ಹೋಗುವಾಗ ಎದುರುಗಾಳಿ, ಗಂಟೆಗೆ ಯ ಕಿಲೋಮೀಟರಿನಂತೆ ಹೋದನು. ಬರುವಾಗ ಗಾಳಿ ಬೆನ್ನಿಗೆ. ಗಂಟೆಗೆ ನಾಲ್ಕು ಕಿಲೋಮೀಟರು ಹೆಚ್ಚು. ಹೋಗಲು 16/ಯ ಗಂಟೆ, ಬರಲು 16/(ಯ + 4) ಗಂಟೆ. ಒಟ್ಟು ಕಾಲವು ನಮ್ಮ ಮೇಲಿನ ಉತ್ತರದ ಹದಿನಾರರಷ್ಟು, ಎಂದರೆ 32(ಯ + 2)/ಯ(ಯ + 4). ಈಗ ಯ ಎಂದರೆ 12 ಎಂದು ಇಟ್ಟುಕೊಳ್ಳೋಣ. ಹೋಗಲು 16/12, ಎಂದರೆ ಒಂದು ಗಂಟೆ 20 ನಿಮಿಷ. ಬರಲು 16/16, ಎಂದರೆ ಒಂದು ಗಂಟೆ. ಒಟ್ಟು ಎರಡು ಗಂಟೆ 20 ನಿಮಿಷ. ಸೂತ್ರದಲ್ಲಿ ಹಾಕಿ ನೋಡಿದರೆ 32 × 14 ನ್ನು 12 × 16 ರಿಂದ ಭಾಗಿಸಿದಾಗ 7/3 ಗಂಟೆ, ಎಂದರೆ ಅದೇ ಎರಡು ಗಂಟೆ 20 ನಿಮಿಷ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂದು ಕೂಡಿದ್ದರೆ? 32/28 ಗಂಟೆ, ಸುಮಾರು ಒಂದು ಗಂಟೆ 9 ನಿಮಿಷ. ಹಳೇಬೀಡಿಗೆ ಹೋಗುವುದಕ್ಕೇ ಒಂದು ಗಂಟೆ 20 ನಿಮಿಷ ಹಿಡಿದವನು, ಹೋಗಿ ಬಂದದ್ದು ಒಂದು ಗಂಟೆ 9 ನಿಮಿಷದಲ್ಲಿ! ಹುಡುಗರು ನಗುತ್ತಾರೆ, ನಕ್ಕವರು ಮತ್ತೆ ಆ ತಪ್ಪು ಮಾಡುವುದು ಅಪರೂಪ.

ಮಹಾವೀರನ ನಿರುದ್ಧದ ಬಲ ತಿಳಿಯಬೇಕಾದರೆ ಸ್ವಲ್ಪ ತೊಡಕಿನ ಲೆಕ್ಕ ಬೇಕು. 1/(ಯ² − 4) + 1/(ಯ² + 2ಯ) ಎಂಬುದನ್ನು ನೋಡಿ. ಇಲ್ಲಿ ಎರಡು ಛೇದಗಳನ್ನೂ ಹಾಗೆಯೇ ಗುಣಿಸಿದವನು ಯ ದ ನಾಲ್ಕನೆಯ ಘಾತದವರೆಗೆ ಹೋಗಿ ಕಾಡಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಮೊದಲು ಛೇದಗಳನ್ನು ಬಿಡಿಸಬೇಕು. ಯ² − 4 ಎಂಬುದು (ಯ + 2)(ಯ − 2). ಯ² + 2ಯ ಎಂಬುದು ಯ(ಯ + 2). ಯ + 2 ಎಂಬುದು ಎರಡರಲ್ಲಿಯೂ ಇದೆ. ಅದನ್ನು ಒಮ್ಮೆ ಮಾತ್ರ ತೆಗೆದುಕೊಂಡರೆ ಸಾಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಗರ್ಭಗುಡಿಗಳು ಎರಡು. ಎರಡಕ್ಕೂ ಕೆಳಗಿನ ಜಗತಿ ಒಂದೇ. ಒಂದೇ ಜಗತಿ ಎರಡನ್ನೂ ಹೊರುವಾಗ ಅದನ್ನು ಎರಡು ಬಾರಿ ಕಟ್ಟುವ ಶಿಲ್ಪಿ ಯಾರು? ಹಾಗೆಯೇ ಇಲ್ಲಿ ಸಮಾನ ಛೇದ ಯ(ಯ + 2)(ಯ − 2). ಮೊದಲನೆಯ ರಾಶಿಯಲ್ಲಿ ಕೊರತೆಯಾಗಿರುವುದು ಯ. ಎರಡನೆಯದರಲ್ಲಿ ಯ − 2. ಕೊರತೆಯಾದುದರಿಂದ ಅವುಗಳ ಅಂಶಗಳನ್ನು ಗುಣಿಸಿ ಕೂಡಿದರೆ ಮೇಲೆ ಯ + ಯ − 2, ಎಂದರೆ 2(ಯ − 1). ಉತ್ತರ:

2(ಯ − 1)/ಯ(ಯ + 2)(ಯ − 2).

ನಂಬಿಕೆ ಬಾರದಿದ್ದರೆ ಯ ಎಂಬಲ್ಲಿ 3 ಇಡಿ. ಪ್ರಶ್ನೆ 1/5 + 1/15 ಆಗುತ್ತದೆ, ಮೊತ್ತ 4/15. ಉತ್ತರದಲ್ಲಿ 3 ಇಟ್ಟರೆ 4 ನ್ನು 3 × 5 × 1 ರಿಂದ ಭಾಗಿಸಬೇಕು, ಅದೂ 4/15.

ಎಚ್ಚರಿಕೆಯ ಮಾತು ಎರಡು. ಮೊದಲನೆಯದು, ಕಳೆಯುವ ಚಿಹ್ನೆಯನ್ನು ಕುರಿತದ್ದು. ಯ/(ಯ − 3) + 3/(3 − ಯ) ಎಂಬಲ್ಲಿ ಛೇದಗಳು ಬೇರೆಯೆಂದು ಕಾಣುತ್ತವೆ. ಆದರೆ 3 − ಯ ಎಂಬುದು ಯ − 3 ರ ಚಿಹ್ನೆ ಬದಲಾದ ರೂಪವಷ್ಟೆ. ಚಿಹ್ನೆಯನ್ನು ಹೊರಗೆ ತಂದರೆ ಎರಡನೆಯದು −3/(ಯ − 3). ಮೊತ್ತ (ಯ − 3)/(ಯ − 3), ಎಂದರೆ 1. ಇಷ್ಟು ದೊಡ್ಡದಾಗಿ ಕಂಡ ಲೆಕ್ಕದ ಉತ್ತರ ಒಂದೇ ಒಂದು!

ಎರಡನೆಯದು, ಛೇದ ಸೊನ್ನೆಯಾಗಬಾರದು. ಈ ಲೆಕ್ಕದಲ್ಲಿ ಯ ಎಂಬುದು 3 ಆದರೆ ಎರಡು ಛೇದಗಳೂ ಸೊನ್ನೆ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ. ಆದುದರಿಂದ 'ಯ ಎಂಬುದು 3 ಅಲ್ಲದಿದ್ದರೆ' ಎಂಬ ಮಾತನ್ನು ಉತ್ತರದ ಜತೆಗೆ ಸೇರಿಸತಕ್ಕದ್ದು. ಇದನ್ನು ಮರೆಯುವ ಮಕ್ಕಳಿಗೆ ನಾನು ಒಂದು ಸಂಗತಿ ಹೇಳುತ್ತೇನೆ. ನಿರುದ್ಧವನ್ನು ನಮಗೆ ಕೊಟ್ಟ ಮಹಾವೀರಾಚಾರ್ಯನೇ ಸೊನ್ನೆಯಿಂದ ಭಾಗಿಸಿದರೆ ರಾಶಿ ಬದಲಾಗದೆ ಉಳಿಯುತ್ತದೆಂದು ಬರೆದಿದ್ದಾನೆ. ಅದು ತಪ್ಪು. ಅಷ್ಟು ದೊಡ್ಡ ಗಣಿತಜ್ಞನು ತಪ್ಪಿದನೆಂದು ಅವನನ್ನು ಯಾರೂ ಸಣ್ಣವನನ್ನಾಗಿ ಮಾಡಲಿಲ್ಲ. ತಪ್ಪು ಮಾಡಿದವರು ದಡ್ಡರೆಂಬುದು ಗಣಿತದ ನಿಯಮವಲ್ಲ.

ಇದೆಲ್ಲ ಪರೀಕ್ಷೆಗೆ ಮಾತ್ರ ಎಂದು ತಿಳಿಯಬಾರದು. ನೀವು ದನಿ ತಗ್ಗಿಸುವ ರೇಡಿಯೋದ ಒಳಗೂ ಇದೇ ನ್ಯಾಯ ನಡೆಯುತ್ತದೆ. ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಎರಡು ರೋಧಕಗಳನ್ನು ಅಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದಾಗ, ರೋಧಗಳು ಕೂಡುವುದಿಲ್ಲ. ಅವುಗಳ ವ್ಯುತ್ಕ್ರಮಗಳು ಕೂಡುತ್ತವೆ. 3 ಓಮ್ ಮತ್ತು 6 ಓಮ್ ರೋಧಕಗಳಿದ್ದರೆ 1/3 + 1/6 = 1/2; ಆದುದರಿಂದ ಎರಡೂ ಸೇರಿ 2 ಓಮ್. ಹರಿವಿಗೆ ಎರಡು ದಾರಿಗಳಾದುದರಿಂದ ತಡೆ ಚಿಕ್ಕ ರೋಧಕಕ್ಕಿಂತಲೂ ಕಡಿಮೆಯಾಗುವುದು ಸಹಜ. ತಪ್ಪು ಕ್ರಮದಲ್ಲಿ ಕೂಡಿದರೆ 2/9 ಬಂದು, ರೋಧ ನಾಲ್ಕೂವರೆ ಓಮ್ ಆಗುತ್ತದೆ. ಎರಡನೆಯ ದಾರಿ ತೆರೆದರೆ ಹರಿವು ಇನ್ನಷ್ಟು ಕಷ್ಟವಾಯಿತೆಂದು ಅದು ಹೇಳುತ್ತದೆ! ಕಾಗದದ ಮೇಲೆ ಯಾರು ಏನು ಬರೆದರೂ ರೇಡಿಯೋ ಮಾತ್ರ ಸವರ್ಣ ಮಾಡಿಯೇ ಕೂಡುತ್ತದೆ.

ಆ ಹುಡುಗಿಯ ವಿಷಯ ಹೇಳದೆ ಮುಗಿಸಲಾರೆ. ತಂದೆಯವರು ವೀಸದ ಲೆಕ್ಕ ಹೇಳಿದ ಮರುದಿನ ಸಂಜೆ ನಾನು ಅವಳ ಮನೆಗೆ ಹೋದೆ. ಅವಳ ಕಾಗದವನ್ನೇ ಕೇಳಿ ಪಡೆದು, "ನಿನ್ನ ಉತ್ತರದಲ್ಲಿ ಯ ಎಂಬಲ್ಲಿ 4 ಇಟ್ಟು ನೋಡು" ಎಂದೆ. ಅವಳು 2/12, ಎಂದರೆ 1/6 ಎಂದಳು. "ಪ್ರಶ್ನೆಯಲ್ಲಿ ಇಡು" ಎಂದೆ. 1/4 + 1/8 ಎಂದು ಬರೆದು, ಲೇಖನಿಯನ್ನು ಎತ್ತಿಕೊಂಡು ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, "ಕಾಲಿಗೆ ಅರೆಕಾಲು ಸೇರಿಸಿದರೆ ಕಾಲಿಗಿಂತ ಕಡಿಮೆ ಆಗುವುದು ಹೇಗೆ ಸಾರ್?" ಎಂದು ತಾನೇ ಕೇಳಿದಳು. ಪಕ್ಕದಲ್ಲಿ ನಿಂತಿದ್ದ ಅವಳ ತಂದೆ "ಆರಾಣೆ ಆಗಬೇಕಲ್ಲ" ಎಂದರು. ಲೆಕ್ಕ ಅವರ ಮನೆಯಲ್ಲಿಯೇ ಇತ್ತು. ಅವಳು ಶಾಲೆ ಬಿಡಲಿಲ್ಲ. ಹತ್ತನೆಯ ತರಗತಿಗೆ ಬಂದಳು. ನಾನು ಹಾಕಿದ ಸೊನ್ನೆಯನ್ನು ನಾನೇ ಹೊಡೆದುಹಾಕಿದೆ.

ಆದುದರಿಂದ ಮನೆಯ ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಮಗುವಿನ ಬೀಜಗಣಿತ ನಮಗೆ ತಿಳಿಯದೆಂದು ದೂರ ನಿಲ್ಲಬೇಡಿ. ಸೂತ್ರ ನಿಮಗೆ ಬಾರದಿದ್ದರೂ ಚಿಂತೆಯಿಲ್ಲ. "ಅಕ್ಷರವಿದ್ದ ಕಡೆ ಒಂದು ಅಂಕಿ ಇಟ್ಟು, ಪ್ರಶ್ನೆಯನ್ನೂ ಉತ್ತರವನ್ನೂ ತೂಗಿ ನೋಡು" ಎಂದು ಹೇಳಿ. ತೂಕ ಸಮವಾಗದಿದ್ದರೆ ಎಲ್ಲಿಯೋ ತಪ್ಪಿದೆ; ಹುಡುಕಿದರೆ ಸಿಕ್ಕುತ್ತದೆ. ತೂಕ ಸಮವಾದರೆ ಬೇರೊಂದು ಅಂಕಿಯನ್ನೂ ಇಟ್ಟು ನೋಡಲಿ; ಅದೂ ಸಮವಾದರೆ ಮಗುವಿಗೆ ಧೈರ್ಯ ಬರುತ್ತದೆ. ಈ ತಕ್ಕಡಿ ಪ್ರತಿಯೊಂದು ಮನೆಯಲ್ಲಿಯೂ ಇದೆ. ಅದನ್ನು ಮಗುವಿನ ಕೈಗೆ ಕೊಟ್ಟ ಮೇಲೆ ರೇಡಿಯೋದ ದನಿಯನ್ನು ಸ್ವಲ್ಪ ಏರಿಸಿದರೂ ಅಡ್ಡಿಯಿಲ್ಲ.